ಬಾಣಲೆ ಇಡಬಾರದ ಮನೆ

ವಿಶಾಲಾಕ್ಷಮ್ಮ ತೀರಿಕೊಂಡದ್ದು ಸುಂಟಿಕೊಪ್ಪದಲ್ಲಿ, ಮಗಳು ತುಳಸಿಯ ಬಾಡಿಗೆ ಮನೆಯಲ್ಲಿ, ಮಾರ್ಚ್ ತಿಂಗಳ ಒಂದು ಬುಧವಾರ ಬೆಳಗ್ಗೆ. ತುಳಸಿ ಅವ್ವನಿಗೆ ರಾಗಿ ಅಂಬಲಿ ಕುಡಿಸುತ್ತಿದ್ದಳು. ಮೂರು ಚಮಚ ಹೋಯಿತು, ನಾಲ್ಕನೆಯದು ತುಟಿಯ ಮೇಲೇ ನಿಂತಿತು. ಹನ್ನೊಂದು ಗಂಟೆಗೆ ತಮ್ಮ ರಾಜು ಕುಶಾಲನಗರದ ಹತ್ತಿರದ ಊರಿನಿಂದ ಗಾಡಿ ತಂದ. ಮಧ್ಯಾಹ್ನದ ಹೊತ್ತಿಗೆಲ್ಲ ಅವ್ವ ಅವನ ಮನೆಯ ಜಗಲಿಯ ಮೇಲೆ ಮಲಗಿದ್ದಳು.

ಕೊಳ್ಳಿ ಇಟ್ಟವನು ರಾಜು. ತಲೆ ಬೋಳಿಸಿಕೊಂಡವನು ರಾಜು. ತಿಥಿಯ ದಿನ ಬಂದ ನೆಂಟರು ಅವನ ಕೈ ಹಿಡಿದುಕೊಂಡು ಅತ್ತರು, ಹೆಂಗಸರು ಅವನ ಹೆಂಡತಿ ಮಾಲತಿಯ ಹೆಗಲ ಮೇಲೆ ತಲೆಯಿಟ್ಟು ಅತ್ತರು. ತುಳಸಿ ಆಗ ಹಿತ್ತಲಲ್ಲಿ ಇನ್ನೂರು ಜನಕ್ಕೆ ಕಾಫಿ ಕಾಯಿಸುತ್ತಿದ್ದಳು. ಒಂದಿಬ್ಬರು ಅಲ್ಲಿಗೂ ಬಂದರು, ಸಕ್ಕರೆ ಕಡಿಮೆ ಹಾಕು ಎಂದು ಹೇಳಲಿಕ್ಕೆ.

ಇದರಲ್ಲಿ ಯಾರದೂ ಕೆಟ್ಟ ಮನಸ್ಸಿಲ್ಲ ಎಂದೇ ಇಟ್ಟುಕೊಳ್ಳೋಣ. ಗಂಡುಮಗ ಇರುವಾಗ ಎಲ್ಲವೂ ಅವನ ಮನೆಯಲ್ಲೇ ಆಗಬೇಕು, ಅದು ಕ್ರಮ. ಆದರೆ ಅವ್ವನ ಬಲಗಡೆ ಲಕ್ವ ಹೊಡೆದಾಗ ಮಾಲತಿಗೆ ಸೊಂಟನೋವು ಇತ್ತಲ್ಲ, ಆಗ ಈ ಕ್ರಮ ಎಲ್ಲಿಗೆ ಹೋಗಿತ್ತೋ ಯಾರಿಗೂ ಗೊತ್ತಿಲ್ಲ. "ಸ್ವಲ್ಪ ದಿನದ ಮಟ್ಟಿಗೆ ನಿನ್ನ ಹತ್ರ ಇರಲಿ ಅಕ್ಕ" ಎಂದಿದ್ದ ರಾಜು. ಆ ಸ್ವಲ್ಪ ದಿನ ಆರು ವರ್ಷವಾಯಿತು. ತುಳಸಿ ಮದುವೆಯಾಗದ ಹೆಂಗಸು, ಮನೆಯಲ್ಲೇ ಕೂತು ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹೆಂಗಸರಿಗೆ ಬ್ಲೌಸು ಹೊಲಿಯುವವಳು, ಅವಳಿಗೇನು ಅಡ್ಡಿ ಎಂದು ಎಲ್ಲರೂ ಒಪ್ಪಿಕೊಂಡರು. ಅವಳೂ ಒಪ್ಪಿಕೊಂಡಳು. ಮಿಷನ್ನಿನ ಪಕ್ಕದಲ್ಲೇ ಅವ್ವನ ಮಂಚ ಹಾಕಿಕೊಂಡಳು.

ಈಗ ಹೇಳಬೇಕಾದ್ದು ದೀಪಾವಳಿಯ ವಿಷಯ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಸುತ್ತ ನೆಲೆ ನಿಂತ ಇವರ ಜನದಲ್ಲಿ ಒಂದು ಪದ್ಧತಿ ಇದೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬಕ್ಕೆ ಒಲೆಯ ಮೇಲೆ ಬಾಣಲೆ ಇಡುವ ಹಾಗಿಲ್ಲ. ಕಜ್ಜಾಯವಿಲ್ಲ, ಚಕ್ಕುಲಿಯಿಲ್ಲ, ಕರಿದದ್ದು ಯಾವುದೂ ಇಲ್ಲ. ಹಾಗಂತ ಆ ಮನೆಯವರು ಹಬ್ಬದ ದಿನ ಬಾಯಿ ಸಪ್ಪೆ ಮಾಡಿಕೊಂಡು ಕೂರಬೇಕಾಗಿಲ್ಲ. ನೆಂಟರು, ಬೇಕಾದವರು ತಮ್ಮ ಮನೆಯಲ್ಲಿ ಮಾಡಿ ಡಬ್ಬಿ ತುಂಬಿ ತಂದುಕೊಡುತ್ತಾರೆ. ವಿಶಾಲಾಕ್ಷಮ್ಮನಿಗೆ ಈ ವಿಷಯದಲ್ಲಿ ಬಲು ಹಟ. ಹೋದ ವರ್ಷ ಕೂಡ ಮಾತು ಸರಿಯಾಗಿ ಹೊರಡದ ಬಾಯಲ್ಲೇ ಮಗಳನ್ನು ಪೀಡಿಸಿ, ಗಂಡ ಸತ್ತ ಒಬ್ಬ ಹೆಂಗಸಿನ ಮನೆಗೆ ಹತ್ತು ಕಜ್ಜಾಯ ಕಳಿಸಿದ್ದಳು. "ಅಷ್ಟು ದೂರ ಯಾರು ಹೋಗ್ತಾರವ್ವ, ನನಗೆ ಹೊಲಿಗೆ ರಾಶಿ ಬಿದ್ದಿದೆ" ಎಂದು ತುಳಸಿ ಗೊಣಗಿದಾಗ, "ಆ ಮನೇಲಿ ಎಣ್ಣೆ ವಾಸ್ನೆ ಇರಲ್ಲ ಕಣೆ. ಬಾಗಿಲು ನೋಡ್ತಾ ಕೂತಿರ್ತವೆ" ಎಂದು ತೊದಲಿದ್ದಳು.

ಈ ವರ್ಷ ಬಾಗಿಲು ನೋಡುತ್ತಾ ಕೂರುವ ಸರದಿ ತುಳಸಿಯದು. ನಲವತ್ತನಾಲ್ಕು ವರ್ಷದ ಹೆಂಗಸಿಗೆ ಕಜ್ಜಾಯದ ಆಸೆಯೇ ಎಂದು ನಗಬೇಡಿ. ಅವಳಿಗೆ ಬೇಕಾಗಿದ್ದದ್ದು ಕಜ್ಜಾಯವಲ್ಲ. ಅವ್ವ ಸತ್ತದ್ದು ಇಲ್ಲಿ, ದುಃಖ ಇರುವುದು ಈ ಮನೆಯಲ್ಲೂ ಎಂದು ಯಾರಾದರೂ ಒಬ್ಬರು ನೆನೆಸಿಕೊಂಡು ಬಂದು ಬಾಗಿಲು ತಟ್ಟಬೇಕಾಗಿತ್ತು. ಅಷ್ಟೇ ಸಾಕಾಗಿತ್ತು. ಹಬ್ಬಕ್ಕೆ ಎರಡು ವಾರ ಇರುವಾಗಲೇ ಅವಳು ಗೋಡೆಗೂಡಿನ ಮೇಲಿನ ಹಲಗೆಯನ್ನು ಖಾಲಿ ಮಾಡಿ, ಹಳೆ ಪೇಪರ್ ತೆಗೆದು ಹೊಸ ಪೇಪರ್ ಹಾಸಿದಳು. ಬಂದದ್ದನ್ನು ಇಡಲಿಕ್ಕೆ ಜಾಗ ಬೇಕಲ್ಲ.

ಹೊಲಿಗೆಗೆ ಬರುವವರು ಬಂದರು, ಹೋದರು. ಅಕ್ಕಪಕ್ಕದವರು ಮಲಯಾಳಿಗಳು, ತಮಿಳರು, ಅವರಿಗೆ ಈ ಪದ್ಧತಿ ಗೊತ್ತಿಲ್ಲ, ಅವರ ಮೇಲೆ ಕೋಪ ಮಾಡಿಕೊಳ್ಳುವಂತಿರಲಿಲ್ಲ. ನೆಂಟರಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಒಂದು ಸಂಜೆ ರಾಜುವಿನ ಮಗಳು ಲಿಖಿತಾ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಹಾಕಿದಳು. ನಡುಮನೆಯ ಬೆಂಚಿನ ಮೇಲೆ ಸಾಲಾಗಿ ಸ್ಟೀಲ್ ಡಬ್ಬಿಗಳು, ಒಂದರ ಮುಚ್ಚಳ ತೆರೆದು ಒಳಗಿನ ಕರ್ಜಿಕಾಯಿ ಕಾಣುವಂತೆ. ಕೂಡಲೇ ಫೋನೂ ಮಾಡಿದಳು.

"ಅತ್ತೆ, ನೋಡಿದ್ರಾ? ಇಡೋಕೆ ಜಾಗ ಇಲ್ಲ ನಮ್ಮನೇಲಿ. ಅಮ್ಮ ಅಂತೂ ಸಾಕಪ್ಪಾ ಸಾಕು ಅಂತಿದ್ದಾರೆ. ನಿಮಗೆ ಎಷ್ಟು ಬಂತು?"

ಹುಡುಗಿಗೆ ಹದಿನೇಳು ವರ್ಷ. ಕೇಳಬಾರದ್ದನ್ನು ಕೇಳಿದೆ ಎಂದು ಗೊತ್ತಿಲ್ಲದೆ ಕೇಳಿದವಳು ಅವಳೊಬ್ಬಳೇ, ಕೇಳಬೇಕೆಂದು ತೋಚಿದವಳೂ ಅವಳೊಬ್ಬಳೇ.

"ಬರ್ತವೆ ಬಿಡು" ಎಂದಳು ತುಳಸಿ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮಡಿಕೇರಿಯಿಂದ ಸಿದ್ದಮ್ಮ ಚಿಕ್ಕವ್ವನ ಫೋನ್ ಬಂತು. ಸಿದ್ದಮ್ಮ ವಿಶಾಲಾಕ್ಷಮ್ಮನ ಸ್ವಂತ ತಂಗಿ, ತುಳಸಿಯನ್ನು ಎತ್ತಿ ಆಡಿಸಿದವಳು. "ಬಸ್ಸಲ್ಲಿದ್ದೀನಿ ಕಣೆ. ಸುಂಟಿಕೊಪ್ಪದಲ್ಲಿ ಎರಡು ನಿಮಿಷ ನಿಲ್ತದೆ. ಸ್ಟಾಪಿಗೆ ಬಾ, ಕಿಟಕೀಲಿ ಮುಖ ನೋಡ್ಕೊಂಡು ಹೋಯ್ತೀನಿ."

ತುಳಸಿಯ ಎದೆ ಹಗುರವಾಯಿತು. ಯಾರು ಮರೆತರೂ ಚಿಕ್ಕವ್ವ ಮರೆಯುವವಳಲ್ಲ. ಅರ್ಧ ಹೊಲಿದ ತೋಳನ್ನು ಮಿಷನ್ನಿನಲ್ಲೇ ಬಿಟ್ಟು, ಸೀರೆ ಬದಲಿಸಿ, ಬಾಗಿಲ ಹಿಂದಿನ ಮೊಳೆಯಿಂದ ಬಟ್ಟೆಚೀಲ ತೆಗೆದುಕೊಂಡಳು. ಚೀಲವನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಮುಚ್ಚಿ ಹಿಡಿದಳು. ಚೀಲ ಹಿಡಿದೇ ಬಂದಿದ್ದಾಳೆ ಎಂದು ಚಿಕ್ಕವ್ವನಿಗೆ ಅನ್ನಿಸಬಾರದಲ್ಲ.

ಬಸ್ಸು ಬಂತು. ಮೂರನೆಯ ಕಿಟಕಿಯಲ್ಲಿ ಚಿಕ್ಕವ್ವ. ತೊಡೆಯ ಮೇಲೆ ದೊಡ್ಡ ಬ್ಯಾಗು, ಅದರ ಬಾಯಿಂದ ಎರಡು ಡಬ್ಬಿಗಳ ಮುಚ್ಚಳ ಹೊಳೆಯುತ್ತಿತ್ತು. ಬೆಲ್ಲ, ಏಲಕ್ಕಿ, ಕರಿದ ಎಣ್ಣೆಯ ವಾಸನೆ ಡೀಸೆಲ್ ಹೊಗೆಯ ನಡುವೆಯೂ ತುಳಸಿಯ ಮೂಗಿಗೆ ಬಂತು.

"ಏನೇ, ಇಷ್ಟು ಸಣ್ಣಗಾಗ್ಬಿಟ್ಟಿದ್ದೀಯ? ಉಣ್ತೀಯೋ ಇಲ್ವೋ?" ಚಿಕ್ಕವ್ವ ಕಿಟಕಿಯ ಸರಳಿನಾಚೆ ಕೈ ಹಾಕಿ ಅವಳ ಗಲ್ಲ ಹಿಡಿದಳು. "ರಾಜು ಮನೆಗೆ ಹೊರಟೆ. ಸಾವಾದ ಮನೆ, ಹಬ್ಬದಲ್ಲಿ ಬರಿಗೈಲಿ ಹೋಗಕ್ಕಾಯ್ತದಾ? ಎರಡು ದಿನ ಕೂತು ಮಾಡ್ದೆ ಕಣೆ. ಐವತ್ತು ಕಜ್ಜಾಯ, ಚಕ್ಕುಲಿ ಬೇರೆ. ಸೊಂಟ ಬಿದ್ದೋಯ್ತು."

"ಬ್ಯಾಗು ಭಾರ ಇರಬೇಕಲ್ಲ ಚಿಕ್ಕವ್ವ" ಎಂದಳು ತುಳಸಿ. ಬಾಯಿಬಿಟ್ಟು ಕೇಳುವುದು ಅವಳಿಂದ ಆಗುತ್ತಿದ್ದದ್ದು ಅಷ್ಟೇ.

"ಭಾರ ಏನಿಲ್ಲ, ತೊಡೆ ಮೇಲೆ ಇಟ್ಕಂಡಿದೀನಲ್ಲ. ಅಲ್ಲಿ ಇಳಿದರೆ ರಾಜು ಬರ್ತನೆ." ಚಿಕ್ಕವ್ವ ಬ್ಯಾಗನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ನೀನೇನು ಮಾಡ್ತೀಯ ಹಬ್ಬಕ್ಕೆ?"

"ನಾನು ಮಾಡೋ ಹಾಗಿಲ್ವಲ್ಲ."

"ಅಯ್ಯೋ, ನಿಂಗೇನೆ! ಮನೆಯಾ ಮಠವಾ, ಒಂದು ಜೀವ. ಮಾಡಿದ್ರೆಷ್ಟು, ಬಿಟ್ರೆಷ್ಟು. ಅಲ್ಲಿಗೇ ಬಾ, ಎಲ್ಲಾ ಅಲ್ಲೇ ಇರ್ತದೆ, ತಿನ್ನುವಂತೆ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಕುಶಾಲನಗರದ ದಿಕ್ಕಿಗೆ ಹೋಯಿತು. ತುಳಸಿ ಎತ್ತಿದ ಕೈ ಹಾಗೇ ಎತ್ತಿಕೊಂಡು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಮಡಿಸಿದ ಚೀಲ ಬೆವರಿಗೆ ಒದ್ದೆಯಾಗಿತ್ತು. ತರಕಾರಿ ಅಂಗಡಿಯವನು "ಏನಕ್ಕ ಬೇಕು?" ಎಂದು ಕೇಳಿದಾಗ, ಚೀಲ ಇದೆಯಲ್ಲ ಎಂದು, ಬೇಡದ ಬೀನ್ಸ್ ಅರ್ಧ ಕೇಜಿ ತೆಗೆದುಕೊಂಡು ಮನೆಗೆ ಬಂದಳು.

ಮನೆಗೆ ಬಂದವಳು ಅಳಲಿಲ್ಲ. ಸಿಟ್ಟು ಬಂದಿತ್ತು. ಮಿಷನ್ನಿನ ಮುಂದೆ ಕೂತು ಆ ತೋಳನ್ನು ಉಲ್ಟಾ ಹೊಲಿದಳು, ಬಿಚ್ಚಿದಳು, ಮತ್ತೆ ಉಲ್ಟಾ ಹೊಲಿದಳು. ಚಿಕ್ಕವ್ವನ ಮಾತು ಕಿವಿಯಿಂದ ಹೋಗಲೊಲ್ಲದು. ಆರು ವರ್ಷ ಅವ್ವನಿಗೆ ಮೈ ತೊಳೆಸಿದ, ಬಟ್ಟೆ ಉಡಿಸಿದ, ಉಣ್ಣಿಸಿದ ಈ ಜಾಗ ಮನೆಯೂ ಅಲ್ಲ, ಮಠವೂ ಅಲ್ಲ. ಮನೆಯೇ ಅಲ್ಲದ ಮೇಲೆ ಸಾವಾದ ಮನೆ ಹೇಗಾದೀತು? ಸಾವಾದ ಮನೆ ಅಲ್ಲವೆಂದ ಮೇಲೆ ಬಾಣಲೆ ಇಟ್ಟರೆ ತಪ್ಪೇನು? ಕತ್ತರಿ ಕೆಳಗಿಟ್ಟು ಎದ್ದಳು. ಎರಡು ಸೇರು ಅಕ್ಕಿ ಅಳೆದು, ತೊಳೆದು, ನೆನೆ ಹಾಕಿದಳು.

ಮಾರನೆಯ ದಿನ ಅಕ್ಕಿಯ ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ, ತೇವ ಇರುವಾಗಲೇ ಮಿಲ್ಲಿಗೆ ಒಯ್ದಳು. ಹಸಿ ಅಕ್ಕಿ ಕಲ್ಲಿಗೆ ಮೆತ್ತುತ್ತದೆ ಎಂದು ಮಿಲ್ಲಿನ ಕಾಕ ಹಬ್ಬದ ಮುಂಚೆ ಒಂದೇ ದಿನ, ಒಂದೇ ಹೊತ್ತು ಅದನ್ನು ಬೀಸಿಕೊಡುತ್ತಿದ್ದರು. ಪಾತ್ರೆಗಳ ಸಾಲಿನಲ್ಲಿ ಅವಳದೂ ನಿಂತಿತು.

"ಈ ಸಲ ನಿಮ್ಮದು ಬರುವುದಿಲ್ಲ ಅಂತ ಮಾಡಿದ್ದೆ" ಎಂದರು, ವರ್ಷವೂ ಈ ಅಕ್ಕಿ ಬೀಸಿ ಇವರ ಪದ್ಧತಿ ತಿಳಿದಿದ್ದ ಕಾಕ. "ನಿಮ್ಮ ಉಮ್ಮ ಹೋಗಿ ವರ್ಷ ಆಯ್ತಾ?" ಅವರ ಬಾಯಲ್ಲಿ ತಾಯಿ ಎಂದರೆ ಉಮ್ಮ.

"ಆಯ್ತು" ಎಂದಳು ತುಳಸಿ. ಸುಳ್ಳು.

"ಎರಡು ಸೇರು! ಮನೆಯಲ್ಲಿ ಜನ ಬಂದಿದ್ದಾರಾ?"

"ಹೂಂ, ತುಂಬಾ ಜನ." ಅದೂ ಸುಳ್ಳು. ಬಿಸಿ ಹಿಟ್ಟಿನ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು ಬೇಗ ಬೇಗ ನಡೆದು ಬಂದಳು.

ಕಜ್ಜಾಯ ಒಬ್ಬರೇ ಮಾಡುವ ತಿಂಡಿಯಲ್ಲ. ಬೆಲ್ಲದ ಪಾಕ ಹದಕ್ಕೆ ಬಂದ ಕೂಡಲೇ ಇಳಿಸಿ, ಒಬ್ಬರು ಹಿಟ್ಟು ಸುರಿಯುತ್ತಾ ಹೋಗಬೇಕು, ಇನ್ನೊಬ್ಬರು ಕೈ ನಿಲ್ಲಿಸದೆ ತಿರುವುತ್ತಿರಬೇಕು. ಒಂದು ಗಳಿಗೆ ತಡವಾದರೆ ಪಾಕ ಗಟ್ಟಿ, ಕಜ್ಜಾಯ ಕಲ್ಲು. ಆರು ವರ್ಷವೂ ಅವ್ವ ಕುರ್ಚಿಯಲ್ಲಿ ಕೂತು, ಆಡುತ್ತಿದ್ದ ಒಂದೇ ಕೈ, ಎಡಗೈಯಲ್ಲಿ ಹಿಟ್ಟು ಸುರಿದವಳು. ಅರ್ಧ ನೆಲಕ್ಕೆ ಬೀಳುತ್ತಿತ್ತು. ತುಳಸಿ ರೇಗುತ್ತಿದ್ದಳು, ಅವ್ವ ಓರೆಬಾಯಿಯಲ್ಲಿ ನಗುತ್ತಿದ್ದಳು. ಪಾಕದ ಹದ ನೋಡುವವಳೂ ಅವ್ವನೇ. ತಟ್ಟೆಯ ನೀರಿಗೆ ಬಿಟ್ಟ ಹನಿಯನ್ನು ಬೆರಳಲ್ಲಿ ಉಂಡೆ ಮಾಡಿ ನೋಡಿ, "ತಡಿ, ತಡಿ" ಎನ್ನುತ್ತಿದ್ದವಳು ಥಟ್ಟನೆ "ಈಗ!" ಎನ್ನುತ್ತಿದ್ದಳು. ಲಕ್ವ ಹೊಡೆದ ಮೇಲೆ ಅವಳ ಬಾಯಲ್ಲಿ ಚೊಕ್ಕವಾಗಿ ಹೊರಡುತ್ತಿದ್ದ ಮಾತು ಅದೊಂದೇ.

ಈ ಸಲ ತುಳಸಿ ತಾನೇ ಹನಿ ಬಿಟ್ಟಳು, ತಾನೇ ಉಂಡೆ ಮಾಡಿದಳು. ಬಂತೋ ಇಲ್ಲವೋ ಗೊತ್ತಾಗಲಿಲ್ಲ. ಇನ್ನೊಮ್ಮೆ ಬಿಟ್ಟಳು. ಒಲೆ ಉರಿಯುತ್ತಿತ್ತು, ಬೆಲ್ಲ ಕೊತಕೊತ ಕುದಿಯುತ್ತಿತ್ತು, ಹೇಳುವವರು ಯಾರೂ ಇರಲಿಲ್ಲ. ಭಯವಾಗಿ ಇಳಿಸಿಬಿಟ್ಟಳು. ನೆಲದ ಮೇಲೆ ಗೋಣಿ ಹಾಸಿ ಪಾತ್ರೆ ಇಟ್ಟು, ಅದು ಜಾರದ ಹಾಗೆ ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಬಲಗೈಯಲ್ಲಿ ತಿರುವುತ್ತಾ ಎಡಗೈಯಲ್ಲಿ ಹಿಟ್ಟು ಸುರಿದಳು. ಬಿಸಿ ಪಾತ್ರೆಗೆ ಪಾದ ಸುಟ್ಟಿತು. ಹಿಟ್ಟು ಅರ್ಧ ನೆಲಕ್ಕೆ ಬಿತ್ತು. ರೇಗಲಿಕ್ಕೆ ಯಾರೂ ಇರಲಿಲ್ಲವಾಗಿ ಸುಮ್ಮನೆ ಬಳಿದು ತೆಗೆದಳು. ಎಳ್ಳು, ಗಸಗಸೆ, ಏಲಕ್ಕಿ ಹಾಕಿ, ಮೇಲೆ ತುಪ್ಪ ಸವರಿ, ಮುಚ್ಚಿಟ್ಟಳು. ಹಿಟ್ಟು ಹದವಾಗಿಯೇ ಬಂದಿತ್ತು. ಒಬ್ಬಳೇ ಮಾಡಬಹುದು ಎಂದು ಗೊತ್ತಾದದ್ದು ಅವಳಿಗೆ ಸಂತೋಷದ ವಿಷಯವಾಗಲಿಲ್ಲ. ಯಾಕೋ ಬಹಳ ನೋವಾಯಿತು.

ಅಮಾವಾಸ್ಯೆಯ ಬೆಳಗ್ಗೆ ಬಾಣಲೆ ಇಟ್ಟಳು. ಎಣ್ಣೆ ಕಾಯುವಷ್ಟು ಹೊತ್ತೂ ಬಾಗಿಲು ತೆರೆದೇ ಇಟ್ಟಿದ್ದಳು. ನಿಜ ಹೇಳಬೇಕೆಂದರೆ, ಆಗಲೂ ಕಾಯುತ್ತಿದ್ದಳು. ಈಗಲಾದರೂ ಯಾರಾದರೂ ಒಂದು ಡಬ್ಬಿ ಹಿಡಿದು ಬಂದರೆ ಸಾಕು, ಒಲೆ ಆರಿಸಿ, ಎಣ್ಣೆ ಚೆಲ್ಲಿ, ಹಿಟ್ಟನ್ನು ದನಕ್ಕೆ ಹಾಕಿಬಿಡುತ್ತೇನೆ ಎಂದುಕೊಂಡಳು. ಬಾಗಿಲಲ್ಲಿ ಬ್ಲೌಸು ಕೇಳಲು ಬಂದ ಇಬ್ಬರು ಬಿಟ್ಟರೆ ಯಾರೂ ಬರಲಿಲ್ಲ. ಬಾಳೆ ಎಲೆಯ ಮೇಲೆ ತಟ್ಟಿ, ಮೊದಲನೆಯದನ್ನು ಎಣ್ಣೆಗೆ ಬಿಟ್ಟಳು. ಅದು ತಳಕ್ಕೆ ಹೋಗಿ, ಉಬ್ಬಿ ಮೇಲೆ ಬಂತು. ತೆಗೆದು ಎರಡು ಸಟ್ಟುಗದ ನಡುವೆ ಎಣ್ಣೆ ಹಿಂಡಿದಳು. ಹೀಗೆ ಅರವತ್ತು ಕಜ್ಜಾಯ. ಬಾಯಿಗೆ ಒಂದು ಚೂರೂ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಪಾಡ್ಯ. ಒಂಬತ್ತು ಗಂಟೆಯ ಬಸ್ಸಿಗೆ, ದೊಡ್ಡ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮನ ಮನೆಗೆ ಹೊರಟಳು.

ನಡುಮನೆಯಲ್ಲಿ ಎಲ್ಲರೂ ಇದ್ದರು. ಚಿಕ್ಕವ್ವ ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದಳು. ಲಿಖಿತಾ ನೆಲದ ಮೇಲೆ ಕೂತು ಕಾಗದದ ಚೀಟಿ ಕತ್ತರಿಸುತ್ತಿದ್ದಳು. ಬೆಂಚಿನ ಮೇಲಿನ ಡಬ್ಬಿಗಳೆಲ್ಲ ಒಂದೇ ಥರದವು, ಹಿಂದಿರುಗಿಸುವಾಗ ಅದಲುಬದಲಾದರೆ ಮಾಲತಿಗೆ ಮಾತು ಬರುತ್ತದೆ, ಅದಕ್ಕೆ ಯಾರ ಮನೆಯದು ಎಂದು ಬರೆದು ಅಂಟಿಸುವ ಕೆಲಸ ಅವಳದು.

"ಬನ್ನಿ ಅಕ್ಕ" ಎಂದು ಮಾಲತಿ ಎದ್ದು ಬಂದು ಡಬ್ಬಿಗೆ ಕೈ ಹಾಕಿದಳು. "ಇದೇನು? ಯಾರು ಕೊಟ್ರು?"

"ನಾನೇ ಮಾಡಿದ್ದು. ಕಜ್ಜಾಯ."

ಮಾಲತಿ ಬಿಸಿ ತಾಗಿದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು. ಹಿತ್ತಲ ಕಡೆಯಿಂದ ಬಂದ ರಾಜು ಮುಖ ಒರೆಸುತ್ತಿದ್ದ ಟವೆಲ್ ಹಿಡಿದೇ ನಿಂತ.

"ಏನಕ್ಕ ಇದು? ಅವ್ವ ಹೋಗಿ ಎಂಟು ತಿಂಗಳೂ ಆಗಿಲ್ಲ. ಬಾಣಲೆ ಇಟ್ಯಾ? ಎಲ್ಲಾ ಗೊತ್ತಿರೋಳು ನೀನೇ ಹಿಂಗೆ ಮಾಡಿದ್ರೆ?"

"ಸಾವಾದ ಮನೇಲಿ ಇಡಬಾರದು ಕಣೋ. ಸಾವಾಗಿದ್ದು ನಿಮ್ಮನೇಲಿ."

"ಏನು ಮಾತು ಅಂತ ಆಡ್ತೀಯ! ಅವ್ವ ಪ್ರಾಣ ಬಿಟ್ಟಿದ್ದೇ ನಿನ್ನ..." ಎಂದವನು ಅಲ್ಲಿಗೇ ನಿಂತುಬಿಟ್ಟ.

ತುಳಸಿ ಕಾದಳು. ಅವಳು ಬಸ್ಸು ಹತ್ತಿ ಬಂದದ್ದೇ ಆ ಮಾತಿಗೆ. ಅವನು ಬೈಯಲಿ, ಅಕ್ಕ ನಿನ್ನ ಮನೇಲೂ ಸಾವಾಗಿದೆ, ನೀನೂ ಇಡಬಾರದಾಗಿತ್ತು ಎಂದು ನಾಲ್ಕು ಜನರ ಎದುರಿಗೆ ಕೂಗಾಡಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು.

"ಹೇಳು ರಾಜು. ಪೂರ್ತಿ ಹೇಳು."

ರಾಜು ಬೆಂಚಿನ ಕಡೆ ನೋಡಿದ. ಅವನೇನು ದಡ್ಡನಲ್ಲ. ಸಾಲಾಗಿ ನಿಂತ ಎಂಟು ಮನೆಗಳ ಡಬ್ಬಿಗಳನ್ನು ನೋಡಿ, ಅಕ್ಕನ ಮುಖ ನೋಡಿ, ಟವೆಲ್ಲಿನಲ್ಲಿ ಮತ್ತೆ ಮುಖ ಒರೆಸಿಕೊಂಡ.

"ನನ್ನ ಮನೇಲೂ ಸಾವಾಗಿದ್ದಿದ್ರೆ ಒಬ್ರಾದ್ರೂ ತಂದಿಡ್ತಿದ್ರು" ಎಂದಳು ತುಳಸಿ. ದನಿ ಏರಲಿಲ್ಲ. "ನಿನ್ನೆ ಎಣ್ಣೆ ಕಾಯೋ ತನಕ ನೋಡ್ದೆ. ಯಾರೂ ಬರಲಿಲ್ಲ. ಸರಿ, ಎಲ್ಲರೂ ತಂದ ಹಾಗೆ ನಾನೂ ತಂದೆ. ಇಟ್ಕೋ ಮಾಲತಿ."

ಚಿಕ್ಕವ್ವನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತ್ತು. ಗೋಡೆ ಹಿಡಿದು ಎದ್ದವಳು ತಾನು ತಂದ ಡಬ್ಬಿಯ ಮುಚ್ಚಳ ತೆಗೆದು, ಎರಡು ಕೈ ತುಂಬಾ ಕಜ್ಜಾಯ ಎತ್ತಿಕೊಂಡು ಬಂದಳು. ಕಣ್ಣು ತುಂಬಿತ್ತು. "ನನ್ನ ಬುದ್ಧಿಗೆ ಬೆಂಕಿ ಹಾಕ. ಕಿಟಕೀಲಿ ನಿಂತು ಮಾತಾಡಿದ್ಯಲ್ಲೇ, ಒಂದು ಮಾತು ಕೇಳಬಾರದಾಗಿತ್ತಾ? ತಗೋ ಮಗಾ, ತಗೋ."

"ಬೇಡ ಚಿಕ್ಕವ್ವ" ಎಂದಳು ತುಳಸಿ, ಮೆತ್ತಗೆ. "ಅದು ನೀವು ಸಾವಿನ ಮನೆಯೋರಿಗೆ ಅಂತ ತಂದಿದ್ದು."

ಚಿಕ್ಕವ್ವ ಕಜ್ಜಾಯವನ್ನು ತಿರುಗಿ ತನ್ನ ಡಬ್ಬಿಗೆ ಹಾಕಿದಳು. ಕೊನೆಗೆ ಮಾಲತಿ, ಏನು ಮಾಡಬೇಕೋ ತೋಚದೆ, ಡಬ್ಬಿ ತೆಗೆದುಕೊಂಡು ಹೋಗಿ ಬೆಂಚಿನ ಮೇಲೆ ಉಳಿದವುಗಳ ಪಕ್ಕದಲ್ಲಿ ಇಟ್ಟಳು.

ಲಿಖಿತಾ ಪೆನ್ನು ಹಿಡಿದು ಅವರಿವರ ಮುಖ ನೋಡಿದಳು. "ಅತ್ತೆ," ಎಂದಳು ಸಣ್ಣ ದನಿಯಲ್ಲಿ, "ಇದಕ್ಕೆ ಏನಂತ ಬರೀಲಿ?"

"ತುಳಸಿ ಮನೆ ಅಂತ ಬರಿ."

ಹುಡುಗಿ ದುಂಡಗೆ ಬರೆದು, ಗೋಂದು ಹಚ್ಚಿ, ಡಬ್ಬಿಯ ಹೊಟ್ಟೆಗೆ ಅಂಟಿಸಿದಳು. ಸಿದ್ದಮ್ಮಜ್ಜಿ ಮನೆ, ಅದರ ಪಕ್ಕದಲ್ಲಿ ತುಳಸಿ ಮನೆ. ಬಂಧುಬಳಗದ ಮನೆಗಳ ಸಾಲಿನಲ್ಲಿ ತನ್ನದೂ ಒಂದು ಮನೆಯಾಗಿ ನಿಂತದ್ದನ್ನು ತುಳಸಿ ನೋಡಿದಳು. ಇಷ್ಟು ವರ್ಷದಲ್ಲಿ ಇದೇ ಮೊದಲು. ಚೀಟಿಗಳ ಲೆಕ್ಕಕ್ಕೆ ಆ ಒಂಬತ್ತು ಮನೆಗಳಲ್ಲಿ ಈ ವರ್ಷ ಯಾರೂ ಸತ್ತಿರಲಿಲ್ಲ. ಮಾರ್ಚ್ ತಿಂಗಳಿಂದ ತಡೆದಿದ್ದ ಅಳು ಆಗ ಉಕ್ಕಿ ಬಂತು. ಆದರೆ ಅವ್ವನಿಗಾಗಿ ಅಳುವುದು ಈ ಮನೆಯವರ ಪಾಲು. ಹೊರಗಿನಿಂದ ತಿಂಡಿ ತಂದವಳು ಅವರನ್ನು ಸಮಾಧಾನ ಮಾಡಬೇಕು. ತುಳಸಿ ಸೆರಗು ಸರಿಮಾಡಿಕೊಂಡು ತಮ್ಮನ ಹತ್ತಿರ ಹೋಗಿ, ನೆಂಟರೆಲ್ಲ ಹಿಡಿದುಕೊಂಡ ಹಾಗೆ ಅವನ ಕೈ ಹಿಡಿದುಕೊಂಡು, "ಧೈರ್ಯ ತಂದ್ಕೊಳ್ಳಪ್ಪ, ಅಮ್ಮನ್ನ ಕಳ್ಕೊಂಡಿದ್ದೀಯ" ಎಂದಳು.